ಹಳೆಯ ಕಾರಿನ ಡ್ರೈನ್ ಪ್ಲಗ್ ಬಿಚ್ಚಲು ಬರುತ್ತಿಲ್ಲ, ಏನು ಮಾಡಲಿ?

ಹಳೆಯ ಮಾರುತಿ 800 ಅಥವಾ ಅದರ ಓರಗೆಯ ಕಾರನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿರುವವರು ಎಂಜಿನ್ ಆಯಿಲ್ ಬದಲಾಯಿಸುವ ಕೆಲಸವನ್ನು ಮನೆಯಲ್ಲೇ ಮಾಡಲು ಹೊರಟಾಗ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಚೇಂಬರ್ ಕೆಳಗಿನ ಡ್ರೈನ್ ಪ್ಲಗ್ ಎಷ್ಟು ಬಲ ಹಾಕಿದರೂ ಅಲುಗಾಡುತ್ತಿಲ್ಲ, ಏನು ಮಾಡಲಿ?’ ಚೇಂಬರ್ ಎಂದರೆ ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ; ಹಳೆಯ ಆಯಿಲ್ ಇಳಿಸಲು ಬಿಚ್ಚುವ ಅದರ ಬೋಲ್ಟೇ ಡ್ರೈನ್ ಪ್ಲಗ್. ಇನ್ನೊಮ್ಮೆ ಬಲ ಹಾಕುವ ಮೊದಲು ಕೈಯಲ್ಲಿರುವ ಸ್ಪ್ಯಾನರನ್ನು ಕೆಳಗಿಡಿ ಎಂಬುದೇ ನನ್ನ ಮೊದಲ ಮಾತು. ಪ್ಲಗ್ ಸಡಿಲವಾಗುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಅದರ ತಲೆಯ ಮೇಲಿನ ಹಿಡಿತವನ್ನು ಅವಲಂಬಿಸಿದೆ. ತಲೆಯ ಆರು ಮೂಲೆಗಳು ಇನ್ನೂ ನೆಟ್ಟಗಿರುವಾಗ ಮಾಡುವ ಮೊದಲ ಒಂದೆರಡು ಪ್ರಯತ್ನಗಳೇ ಇಡೀ ಕೆಲಸ ಸುಲಭವೋ ಕಷ್ಟವೋ ಎಂಬುದನ್ನು ತೀರ್ಮಾನಿಸುತ್ತವೆ.

ಈ ಪ್ಲಗ್‌ಗಳು ಸಿಕ್ಕಿಹಾಕಿಕೊಳ್ಳಲು ತುಕ್ಕಿಗಿಂತ ದೊಡ್ಡ ಕಾರಣ ವಾಷರ್. ಪ್ಲಗ್ ಮತ್ತು ಚೇಂಬರ್ ನಡುವೆ ಇರುವ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಅದುಮಿಸಿಕೊಂಡು, ಎರಡೂ ಬದಿಯ ಉಬ್ಬುತಗ್ಗುಗಳಿಗೆ ಹೊಂದಿಕೊಂಡು, ಆಯಿಲ್ ಸೋರದಂತೆ ತಡೆಯುತ್ತದೆ. ಹಳೆಯ ವಾಷರನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಅದರ ಮುಖದ ಮೇಲೆ ಉಂಗುರದಂತಹ ಆಳವಾದ ಗೆರೆ ಕಾಣಿಸುತ್ತದೆ. ಆ ಗೆರೆಯ ಅಂಚು ಬೆರಳಿಗೂ ತಗಲುತ್ತದೆ. ಅದನ್ನೇ ಮತ್ತೆ ಹಾಕಿದಾಗ ಗೆರೆ ಹಿಂದಿನ ಜಾಗಕ್ಕೆ ಸರಿಯಾಗಿ ಕೂರದೆ ಹನಿ ಸೋರತೊಡಗುತ್ತದೆ. ಸೋರಿಕೆ ಕಂಡವರು ಕೆಲವೇ ರೂಪಾಯಿಗಳ ಹೊಸ ವಾಷರ್ ತರುವ ಬದಲು ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಬಿಗಿ ಮಾಡುತ್ತಾರೆ. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಕೊನೆಯಲ್ಲಿ, ಅದರ ತಯಾರಿಕೆ ನಿಂತದ್ದು 2014ರ ಆರಂಭದಲ್ಲಿ. ಹಾಗಾಗಿ ಇಂದು ರಸ್ತೆಯಲ್ಲಿರುವ ಯಾವುದೇ 800ರ ಪ್ಲಗ್ ಹಲವು ಕೈಗಳನ್ನು ಕಂಡಿರುತ್ತದೆ, ಪ್ರತಿಯೊಂದು ಕೈಯೂ ಇನ್ನಷ್ಟು ಬಿಗಿದಿರುವ ಸಾಧ್ಯತೆ ಇದೆ. ಕರಾವಳಿಯ ಕಾರುಗಳಾದರೆ ಉಪ್ಪುಗಾಳಿಯ ತುಕ್ಕು ಇದರ ಮೇಲೆ ಬಂದು ಸೇರುತ್ತದೆ.

ಕಾರಿನ ಕೆಳಗೆ ಹೋಗುವ ಮುನ್ನ ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ, ಮತ್ತು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸರಿಯಾದ ಜ್ಯಾಕ್ ಸ್ಟ್ಯಾಂಡ್ ಇರಲೇಬೇಕು. ಕಾರಿನ ಜೊತೆ ಬರುವ ಜ್ಯಾಕ್ ಟೈರ್ ಬದಲಾಯಿಸುವುದಕ್ಕೆ ಮಾತ್ರ. ಅದನ್ನಾಗಲಿ, ಇಟ್ಟಿಗೆ ಅಥವಾ ಹಾಲೋ ಬ್ಲಾಕ್‌ಗಳನ್ನಾಗಲಿ ನಂಬಿ ಯಾರೂ ಕಾರಿನ ಕೆಳಗೆ ಮಲಗಬಾರದು. ಬಿಗಿಯಾದ ಪ್ಲಗ್ ಎಳೆಯುವಾಗ ಇಡೀ ಕಾರು ಪಕ್ಕಕ್ಕೆ ಅಲುಗುತ್ತದೆ ಎಂಬುದನ್ನು ನೆನಪಿಡಬೇಕು. ಎಂಜಿನನ್ನು ಕೆಲವು ನಿಮಿಷ ಓಡಿಸಿ ಉಗುರುಬೆಚ್ಚಗೆ ಮಾಡಿಕೊಂಡರೆ ಆಯಿಲ್ ಸರಾಗವಾಗಿ ಇಳಿಯುತ್ತದೆ, ಆದರೆ ದೂರದ ಪ್ರಯಾಣ ಮುಗಿಸಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ.

ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಿ. ನೀವು ಹಿಡಿದಿರುವುದು ಎಂಜಿನ್‌ನ ಪ್ಲಗ್ಗೇ ಹೊರತು ಪಕ್ಕದ ಗೇರ್‌ಬಾಕ್ಸ್‌ನದಲ್ಲ ಎಂಬುದು ಒಂದು; ಮುಂದಿನ ಚಕ್ರಗಳಿಂದ ಓಡುವ ಈ ಕಾರುಗಳಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಗೇರ್ ಆಯಿಲ್ ಇಳಿಸಿಬಿಡುವವರು ಕಡಿಮೆಯೇನಿಲ್ಲ. ಇನ್ನೊಂದು, ತಿರುಗಿಸುವ ದಿಕ್ಕು. ಅಂಗಾತ ಮಲಗಿ ಮೇಲಕ್ಕೆ ನೋಡುತ್ತಿರುವಾಗ ದಿಕ್ಕು ತಪ್ಪುವುದು ಸಹಜ. ಪ್ಲಗ್‌ನ ತಲೆಗೆ ನೇರವಾಗಿ ಮುಖ ಮಾಡಿ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧವಾಗಿ ತಿರುಗಿಸಬೇಕು. ಬರುತ್ತಿಲ್ಲ ಎಂದು ದೂರುವವರಲ್ಲಿ ಕೆಲವರು ವಾಸ್ತವದಲ್ಲಿ ಬಿಗಿ ಮಾಡುತ್ತಿರುತ್ತಾರೆ.

ಇನ್ನು ಹಿಡಿತ. ಸ್ಕ್ರೂ ಸ್ಪ್ಯಾನರ್, ಎರಡು ಬಾಯಿಯ ಫಿಕ್ಸ್ ಸ್ಪ್ಯಾನರ್ ಇವೆರಡನ್ನೂ ದೂರವಿಡಿ. ಅವು ಎರಡು ಮುಖಗಳನ್ನು ಮಾತ್ರ ಹಿಡಿದು ಮೂಲೆಗಳನ್ನು ಸವೆಸುತ್ತವೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಕೂಡ ಇಲ್ಲಿ ಎರಡನೆಯ ಆಯ್ಕೆಯೇ. ಬೇಕಾದದ್ದು ತಲೆಯನ್ನು ಬಟ್ಟಲಿನಂತೆ ಸುತ್ತಲೂ ಮುಚ್ಚಿ ಹಿಡಿಯುವ ಆರು ಮೂಲೆಯ ಸಾಕೆಟ್ ಮತ್ತು ಉದ್ದನೆಯ ಹಿಡಿ. ತಲೆಯ ಮೇಲಿನ ಮಣ್ಣು, ಗ್ರೀಸ್ ಎಲ್ಲವನ್ನೂ ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ಸಾಕೆಟ್ ಪೂರ್ತಿ ಒಳಗೆ ಕೂರುವಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ತುಕ್ಕು ಬಿಡಿಸುವ ಸ್ಪ್ರೇ ಹಾಕಬಹುದು, ಆದರೆ ವಾಷರ್ ಅಡ್ಡವಿರುವುದರಿಂದ ಅದು ಥ್ರೆಡ್‌ವರೆಗೆ, ಅಂದರೆ ಪ್ಲಗ್‌ನ ಸುರುಳಿ ಗೆರೆಗಳವರೆಗೆ, ತಲುಪುವುದು ಅಪರೂಪ; ಹೊರ ಅಂಚಿನ ತುಕ್ಕಿಗಷ್ಟೇ ಅದರ ಉಪಯೋಗ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಡುವುದು ಪ್ಲಗ್‌ನ ತಲೆಯ ನಡುಭಾಗಕ್ಕೆ ಸುತ್ತಿಗೆಯಿಂದ ನೇರವಾಗಿ ಕೊಡುವ ಕೆಲವು ಚುರುಕಾದ ಪೆಟ್ಟುಗಳು. ಅವು ವಾಷರ್‌ನ ಅಂಟನ್ನು ಬಿಡಿಸುತ್ತವೆ. ಪೆಟ್ಟು ಚೇಂಬರ್‌ನ ತಗಡಿಗೆ ಬೀಳಬಾರದು. ಆಮೇಲೆ ಒಂದು ಕೈಯಿಂದ ಸಾಕೆಟನ್ನು ತಲೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಯನ್ನು ನಿಮ್ಮ ಕಡೆಗೆ ಥಟ್ಟನೆ ಜಗ್ಗಿ. ‘ಟಕ್’ ಎಂಬ ಸದ್ದಿನೊಂದಿಗೆ ಅದು ಒಮ್ಮೆಲೇ ಬಿಡುತ್ತದೆ. ಆ ಸದ್ದು ಕೇಳಿ ಬೋಲ್ಟ್ ತುಂಡಾಯಿತೆಂದು ಗಾಬರಿಯಾಗುವುದು ಬೇಡ. ಬೆಂಕಿಯ ಜ್ವಾಲೆಯನ್ನು ಮಾತ್ರ ಇದರ ಹತ್ತಿರ ತರಲೇಬೇಡಿ, ಒಳಗಿರುವುದು ಆಯಿಲ್.

ಮೂಲೆಗಳು ಆಗಲೇ ಸವೆದು ತಲೆ ಗುಂಡಗಾಗಿದ್ದರೆ, ಒಂದು ಅಳತೆ ಚಿಕ್ಕದಾದ ಸಾಕೆಟನ್ನು ಬಡಿದು ಕೂರಿಸಿ ತಿರುಗಿಸುವುದು ಮೊದಲ ದಾರಿ. 17 ಮಿಮೀ ತಲೆಗೆ 16 ಮಿಮೀ ಸಾಕೆಟ್ ಕೂರದಷ್ಟು ಬಿಗಿಯಾಗಿ ಕಂಡರೂ ಬಡಿದಾಗ ಕೂರುತ್ತದೆ, ಕೂತದ್ದು ಚೆನ್ನಾಗಿಯೇ ಹಿಡಿಯುತ್ತದೆ. ಇದಕ್ಕೆಂದೇ ಒಳಗೆ ಸುರುಳಿ ಹಲ್ಲುಗಳಿರುವ ಸಾಕೆಟ್‌ಗಳೂ ಸಿಗುತ್ತವೆ. ಹಳೆಯ ಕಾರು ಇಟ್ಟುಕೊಂಡವರು ಒಂದನ್ನು ಕೊಂಡಿಡುವುದು ಒಳ್ಳೆಯದು. ಅದೂ ಆಗದಿದ್ದರೆ ವೈಸ್ ಗ್ರಿಪ್, ಅಂದರೆ ಕಚ್ಚಿ ಹಿಡಿದು ಲಾಕ್ ಆಗುವ ಇಕ್ಕಳ. ಕೊನೆಯ ಉಪಾಯವೆಂದರೆ ತಲೆಯ ಅಂಚಿಗೆ ಉಕ್ಕಿನ ಉಳಿಯಿಂದ ಸಣ್ಣ ಕಚ್ಚು ಮಾಡಿ, ಬಿಚ್ಚುವ ದಿಕ್ಕಿಗೆ ಓರೆಯಾಗಿ ಹೊಡೆದು ತಿರುಗಿಸುವುದು. ತಲೆಗೆ ನಟ್ ವೆಲ್ಡ್ ಮಾಡಿ ತೆಗೆಯುವುದು ಗ್ಯಾರೇಜಿನವರ ಕೆಲಸ, ಮನೆಯದಲ್ಲ. ಈ ಹಂತದಲ್ಲಿ ಕಾರು ಓಡಲೇಬೇಕಿದ್ದರೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ಕೊಳವೆಯ ಮೂಲಕ ಪಂಪ್‌ನಿಂದ ಆಯಿಲನ್ನು ಹೀರಿ ತೆಗೆದು ಈ ಬಾರಿಯ ಬದಲಾವಣೆಯನ್ನು ಮುಗಿಸಬಹುದು.

ತಗಡಿನ ಚೇಂಬರ್‌ಗಳಲ್ಲಿ ಪ್ಲಗ್ ಕೂರುವ ನಟ್ಟನ್ನು ಒಳಗಿನಿಂದ ಬೆಸೆದಿರುತ್ತಾರೆ. ಪ್ಲಗ್ ತಿರುಗುತ್ತಲೇ ಇದ್ದು ಹೊರಗೆ ಬರದಿದ್ದರೆ ಆ ನಟ್ ಬಿಟ್ಟಿರಬಹುದು. ಆಗ ಚೇಂಬರನ್ನೇ ಬಿಚ್ಚಬೇಕಾಗುತ್ತದೆ. ಪ್ಲಗ್ ಜೊತೆ ಥ್ರೆಡ್‌ನ ಚೂರುಗಳು ಬಂದರೆ ತಾನೇ ಥ್ರೆಡ್ ಕೊರೆದುಕೊಳ್ಳುವ ದಪ್ಪ ಪ್ಲಗ್ ಹಾಕುವ ರೂಢಿಯಿದೆ. ಅದು ಓರೆಯಾಗಿ ಹತ್ತುವುದು ಹೆಚ್ಚು, ಲೋಹದ ಪುಡಿ ಒಳಗೆ ಉಳಿಯುವ ಅಪಾಯವೂ ಇರುವುದರಿಂದ ನನಗೆ ಆ ದಾರಿ ಇಷ್ಟವಿಲ್ಲ. ಚೇಂಬರ್ ಇಳಿಸಿ, ಲೇತ್ ಅಂಗಡಿಯಲ್ಲಿ ಹೊಸ ಥ್ರೆಡ್ ಇರುವ ಲೋಹದ ಒಳಬಳೆ ಹಾಕಿಸುವುದು ಅಥವಾ ಬೇರೆ ಚೇಂಬರ್ ತರುವುದು ಮೇಲು.

ಮರುಜೋಡಣೆಗೆ ಹೊಸ ಪ್ಲಗ್, ಹೊಸ ವಾಷರ್ ಎರಡನ್ನೂ ತನ್ನಿ. ಚೇಂಬರ್‌ನಲ್ಲಿ ಅಂಟಿ ಉಳಿದ ಹಳೆಯ ವಾಷರನ್ನು ತೆಗೆಯಲು ಮರೆಯಬಾರದು. ಅದು ತಗಡಿನದೇ ಭಾಗದಂತೆ ಕಾಣುತ್ತದೆ. ಪ್ಲಗನ್ನು ಹಲವು ಸುತ್ತು ಬರಿಗೈಯಲ್ಲೇ ಏರಿಸಿ, ಆಮೇಲೆ ಸಾಕೆಟ್ ಹಿಡಿಯಿರಿ. ಕಾರಿನ ಕೈಪಿಡಿಯಲ್ಲಿರುವ ಬಿಗಿತವೇ ಅಂತಿಮ. ಉದಾಹರಣೆಗೆ 35 ನ್ಯೂಟನ್ ಮೀಟರ್ ಎಂದಿದ್ದರೆ, 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 18 ಕಿಲೋ ತೂಕದಷ್ಟು ಎಳೆತ ಸಾಕಾಗುತ್ತದೆ. ಅದಕ್ಕೆ ಒಂದು ಕೈಯೇ ಬಹಳ. ಆಯಿಲ್ ತುಂಬಿ, ಎಂಜಿನನ್ನು ಐದು ನಿಮಿಷ ಓಡಿಸಿ, ಪ್ಲಗ್ ಸುತ್ತ ಒಣ ಬಟ್ಟೆ ಒರೆಸಿ ನೋಡಿ. ಬಟ್ಟೆಗೆ ಆಯಿಲ್ ಹತ್ತದಿದ್ದರೆ ಕಾರನ್ನು ಸ್ಟ್ಯಾಂಡ್‌ನಿಂದ ಸಮತಟ್ಟಾದ ನೆಲಕ್ಕೆ ಇಳಿಸಿ, ಆಮೇಲೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿಕೊಳ್ಳಿ.