ಇನ್ನೂ ಎರಡು ಸಲ ಎತ್ತಬಹುದು ಅನ್ನುವಾಗಲೇ ಇಳಿಸಿ

ಮಂಗಳೂರಿನ ಬಿಜೈಯ ನಮ್ಮ ಮನೆಯಿಂದ ಜಿಮ್‌ಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೂ ನಿಲ್ಲಿಸಿ ಕೇಳುತ್ತಾರೆ. "ಅಕ್ಕಾ, ಭಾರ ಎತ್ತಲು ಶುರು ಮಾಡಿ ಇಷ್ಟು ವರ್ಷ ಆಯ್ತಲ್ಲ, ನಿಮಗೆ ಬೇಜಾರು ಬರುದಿಲ್ವಾ? ಸೊಂಟಕ್ಕೆ ಎಂತ ಆಗುದಿಲ್ವಾ?" ಹೆಚ್ಚಿನವರು ಈ ಎರಡನ್ನೂ ಒಟ್ಟಿಗೇ ಕೇಳುತ್ತಾರೆ. ಮೊದಮೊದಲು ನಾನು ಎರಡಕ್ಕೂ ಬೇರೆ ಬೇರೆ ಉತ್ತರ ಕೊಡುತ್ತಿದ್ದೆ. ಈಗ ಒಂದೇ ಉತ್ತರ ಸಾಕು ಅನ್ನಿಸುತ್ತದೆ. ರಸ್ತೆ ಬದಿಯಲ್ಲಿ ನಿಂತು ಅದನ್ನು ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಈಗ 47 ವರ್ಷ. ಭಾರ ಎತ್ತಲು ಶುರು ಮಾಡಿದ್ದು 39ರಲ್ಲಿ. ಆ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ, ಮೂಳೆಗೂ ಸ್ನಾಯುವಿಗೂ ಭಾರದ ಕೆಲಸ ಬೇಕು ಅಂತ ಡಾಕ್ಟರು ವಿವರಿಸಿ ಹೇಳಿದರು. ಅಮ್ಮನಿಗೆ ಅಂತ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು. ಮರುವಾರವೇ ಜಿಮ್‌ಗೆ ಸೇರಿದೆ.

ಮೊದಲ ಎರಡು ತಿಂಗಳು ಬಹಳ ಖುಷಿ ಕೊಡುತ್ತದೆ. ಇದು ಎಲ್ಲರ ಅನುಭವ. ಪ್ರತಿ ವಾರ ಬಾರ್‌ಗೆ, ಅಂದರೆ ಎತ್ತುವ ಕಬ್ಬಿಣದ ಸರಳಿಗೆ, ಒಂದಿಷ್ಟು ಭಾರ ಏರುತ್ತದೆ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕಿಲೋ ಇರುತ್ತದೆ. ಅದನ್ನು ಅಡುಗೆಮನೆಯಲ್ಲಿ ಸುಲಭವಾಗಿ ಸರಿಸಿದ ದಿನ ನಾನು ಇಬ್ಬರಿಗೆ ಫೋನ್ ಮಾಡಿ ಹೇಳಿದ್ದೆ. ಆದರೆ ಅಷ್ಟು ಬೇಗ ಸ್ನಾಯು ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಮೆದುಳೂ ನರಗಳೂ ಕಲಿತಿರುತ್ತವೆ. ಶುರುವಿನ ವಾರಗಳ ಶಕ್ತಿಯಲ್ಲಿ ದೊಡ್ಡ ಪಾಲು ಅದರದ್ದು. ಸ್ನಾಯು ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅದಕ್ಕಿಂತಲೂ ನಿಧಾನ. ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು.

ಈಗ ಮೂರನೇ ತಿಂಗಳನ್ನು ನೋಡಿ. ಕಲಿಕೆಯ ಲಾಭ ಮುಗಿಯುತ್ತಾ ಬಂದಿರುತ್ತದೆ. ಭಾರ ಮೊದಲಿನ ಹಾಗೆ ಏರುವುದಿಲ್ಲ, ಮನಸ್ಸು ಸಪ್ಪಗಾಗುತ್ತದೆ. ಕೈಗೆ ಮಾತ್ರ ಎತ್ತುವ ಧೈರ್ಯ ಬಂದಿರುತ್ತದೆ. ಒಳಗಿನ ರಜ್ಜು ಇನ್ನೂ ಅಷ್ಟಕ್ಕೆ ತಯಾರಾಗಿರುವುದಿಲ್ಲ. ಬಿಟ್ಟು ಹೋಗುವವರು ಬಿಡುವುದೂ ಆಗಲೇ, ಪೆಟ್ಟು ಮಾಡಿಕೊಳ್ಳುವವರು ಮಾಡಿಕೊಳ್ಳುವುದೂ ಆಗಲೇ. ಎಂಟು ವರ್ಷದಲ್ಲಿ ನಮ್ಮ ಜಿಮ್‌ನಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ.

ನನಗೂ ಮೂರನೇ ತಿಂಗಳಲ್ಲೇ ಪೆಟ್ಟಾಯಿತು. ಆಗ ಹೋಗುತ್ತಿದ್ದದ್ದು ಬೇರೆ ಜಿಮ್. ಇಡೀ ದಿನ ಆಫೀಸಿನಲ್ಲಿ ಕೂತು, ಬಸ್ಸಿನಲ್ಲಿ ನಿಂತು, ರಾತ್ರಿ ಎಂಟೂವರೆಗೆ ಹೋಗಿದ್ದೆ. ಬಾಗಿಲು ಹಾಕುವ ಹೊತ್ತು ಅಂತ ವಾರ್ಮ್‌ಅಪ್ ಮಾಡಲಿಲ್ಲ. ಹಿಂದಿನ ವಾರ ಡೆಡ್‌ಲಿಫ್ಟ್‌ನಲ್ಲಿ, ಅಂದರೆ ಬಗ್ಗಿ ನೆಲದಿಂದ ಬಾರ್ ಎತ್ತಿ ನಿಲ್ಲುವುದರಲ್ಲಿ, 45 ಕಿಲೋ ಎತ್ತಿದ್ದೆ. "ನಿಮಗೆ ಆಗ್ತದೆ ಮೇಡಂ, 60 ಹಾಕುವಾ" ಅಂದರು ಟ್ರೈನರ್. ಮೂರು ಸಲ ಎತ್ತಿದೆ. ನಾಲ್ಕನೆಯದು ಮೊಣಕಾಲಿನ ಹತ್ತಿರ ಬರುವಾಗ ಸೊಂಟದ ಎಡಕ್ಕೆ ಚುಚ್ಚಿದ ಹಾಗಾಯಿತು. ಬಾರ್ ಕೈಯಿಂದ ಬಿತ್ತು. ಆ ರಾತ್ರಿ ಮಗ್ಗುಲು ತಿರುಗಲೂ ಆಗಲಿಲ್ಲ.

ಹಲಗೆಯ ಮೇಲೆ ವಾರ ಮಲಗು ಅಂದರು ಮನೆಯವರು. ಡಾಕ್ಟರು ಬೇರೆಯೇ ಹೇಳಿದರು. ಕಾಲಿಗೆ ಜೋಮು ಇಲ್ಲ, ಬಲ ಕಡಿಮೆ ಆಗಿಲ್ಲ, ಹಾಗಾಗಿ ಸ್ಕ್ಯಾನ್ ಬೇಡ. ನೋವು ತಡೆಯುವಷ್ಟು ನಡೆಯಿರಿ, ಮಲಗಿಬಿಡಬೇಡಿ. ಸಾಮಾನ್ಯ ಸೊಂಟನೋವಿಗೆ ಈಗ ಎಲ್ಲ ಕಡೆ ಕೊಡುವ ಸಲಹೆಯೇ ಅದು. ಮೊದಲ ದಿನ ಅಂಗಳದಲ್ಲಿ ಐದು ನಿಮಿಷ ನಡೆದೆ. ಎರಡನೇ ವಾರಕ್ಕೆ ಕದ್ರಿ ಪಾರ್ಕಿಗೆ ಎರಡು ಸುತ್ತು ಹಾಕಿದೆ. ಆರು ವಾರ ಕಳೆದ ಮೇಲೆ ಮತ್ತೆ ಬಾರ್ ಹಿಡಿದೆ. ಅದು 20 ಕಿಲೋದ ಬರೀ ಬಾರ್. ಜಾಸ್ತಿ ಬಗ್ಗುವುದು ಬೇಡ ಅಂತ ಅದನ್ನೂ ಎರಡು ಹಲಗೆಗಳ ಮೇಲೆ ಎತ್ತರಕ್ಕೆ ಇಟ್ಟುಕೊಂಡಿದ್ದೆ.

ಬೆನ್ನು ಬಾಗಿದ್ದೇ ಕಾರಣ ಅಂತ ಆಗ ಎಲ್ಲರೂ ಹೇಳಿದರು. ಬಾಗಿದ್ದು ಹೌದು. ಆದರೆ ನನ್ನ ಲೆಕ್ಕದಲ್ಲಿ ಕಾರಣ 45ರಿಂದ 60ಕ್ಕೆ ಹಾರಿದ್ದು. ಅದೂ ದಣಿದ ಮೈಯಲ್ಲಿ, ಮೈ ಬಿಸಿ ಮಾಡದೆ. ಫಾರ್ಮ್, ಅಂದರೆ ಎತ್ತುವಾಗಿನ ಭಂಗಿ, ಮುಖ್ಯ, ನಾನು ಈಗಲೂ ಫೋನಿನಲ್ಲಿ ವಿಡಿಯೋ ಮಾಡಿ ನೋಡುತ್ತೇನೆ. ಆದರೆ ಅವಸರದ ಭಾರ ಹಾಕಿದರೆ ಎಂಥ ಚಂದದ ಫಾರ್ಮ್ ಕೂಡ ಕೆಡುತ್ತದೆ.

ಅದಾದ ಮೇಲೆ ನಾನು ಒಂದೇ ನಿಯಮ ಇಟ್ಟುಕೊಂಡೆ. ಇನ್ನೂ ಎರಡು ಸಲ ಎತ್ತಬಹುದು ಅನ್ನುವಾಗಲೇ ಬಾರ್ ಇಳಿಸುವುದು. ಹತ್ತು ಸಲ ಆಗುವ ಭಾರವಾದರೆ ಎಂಟಕ್ಕೆ ನಿಲ್ಲಿಸುವುದು. ಹೊಸಬರಿಗೆ ಮೂರು ಉಳಿಸಿಕೊಳ್ಳಲು ಹೇಳುತ್ತೇನೆ, ಯಾಕೆಂದರೆ ಎಷ್ಟು ಉಳಿದಿದೆ ಅಂತ ಅವರಿಗೆ ಸರಿಯಾಗಿ ಅಂದಾಜಾಗುವುದಿಲ್ಲ. "ಕೈ ನಡುಗುವ ತನಕ ಮಾಡದಿದ್ದರೆ ಪ್ರಯೋಜನ ಉಂಟಾ?" ಅಂತ ಕೇಳುತ್ತಾರೆ. ಉಂಟು. ಶಕ್ತಿ ಬೆಳೆಯಲು ಪ್ರತಿ ಸೆಟ್‌ನಲ್ಲೂ, ಅಂದರೆ ನಡುವೆ ಕೂರದೆ ಎತ್ತುವ ಪ್ರತಿ ಸುತ್ತಿನಲ್ಲೂ, ಸೋಲುವ ತನಕ ಎತ್ತಬೇಕಾಗಿಲ್ಲ. ಕೊನೆಯ ಆ ಎರಡು ಸಲದಲ್ಲೇ ಬೆನ್ನು ಬಾಗುವುದು, ಮೊಣಕಾಲು ಒಳಗೆ ವಾಲುವುದು, ಭುಜ ಎತ್ತಿಕೊಳ್ಳುವುದು. ಮರುದಿನ ಮೆಟ್ಟಿಲು ಇಳಿಯಲು ಆಗದ ಹಾಗೆ ಮಾಡುವುದೂ ಅವೇ ಎರಡು.

ಬೇಜಾರಿಗೂ ಮದ್ದು ಇದೇ ಅಂತ ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ಪ್ರತಿ ಸಲ ಹಿಂಡಿ ಹಿಪ್ಪೆಯಾಗಿ ಮನೆಗೆ ಬಂದರೆ, ಮುಂದಿನ ಸಲ ಬ್ಯಾಗ್ ನೋಡುವಾಗಲೇ ಮನಸ್ಸು ಹಿಂದೆ ಸರಿಯುತ್ತದೆ. ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ಜಾಗ ಇರುವಾಗ ಎಲೆಯಿಂದ ಎದ್ದರೆ ರಾತ್ರಿಗೆ ಮತ್ತೆ ಹಸಿವಾಗುತ್ತದೆ, ಅಲ್ವಾ? ಹಾಗೆ. ಸ್ವಲ್ಪ ಉಳಿಸಿ ಬಂದ ದಿನ, ನಾಡಿದ್ದು ಹೋಗುವ ಅಂತ ಮೈಯೇ ಹೇಳುತ್ತದೆ.

ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರನ್ನು ನೆನಪು ಮಾಡಿಕೊಳ್ಳಿ. ಉಜಿರೆಯಲ್ಲಿ ಕಾಲೇಜು ಓದಿದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕಿದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ನಡುವೆ ನಾಲ್ಕು ವರ್ಷ, ಹೆಚ್ಚಾದದ್ದು 20 ಕಿಲೋ. ವಿಭಾಗವೇ ಬದಲಾಗಿತ್ತು, ನೇರ ಹೋಲಿಕೆ ಸರಿಯಲ್ಲ, ಒಪ್ಪುತ್ತೇನೆ. ಆದರೂ ದಿನವಿಡೀ ಅದನ್ನೇ ಮಾಡುವವರಿಗೆ ನಾಲ್ಕು ವರ್ಷಕ್ಕೆ 20 ಕಿಲೋ ಅಂದರೆ, ಆಫೀಸು ಮನೆ ನೋಡಿಕೊಂಡು ವಾರಕ್ಕೆ ಎರಡು ಸಲ ಹೋಗುವ ನಮಗೆ ಯಾಕೆ ಅಷ್ಟು ಗಡಿಬಿಡಿ?

ಎರಡು ಸಲ ಸಾಕಾ ಅಂತ ಕೇಳಬೇಡಿ, ಸಾಕು. ವಿಶ್ವ ಆರೋಗ್ಯ ಸಂಸ್ಥೆ ಕೂಡ ದೊಡ್ಡವರಿಗೆ ಹೇಳುವುದು ಇಷ್ಟೇ: ವಾರದಲ್ಲಿ ಕನಿಷ್ಠ ಎರಡು ದಿನ, ಮೈಯ ಎಲ್ಲ ದೊಡ್ಡ ಸ್ನಾಯುಗಳಿಗೆ ಕೆಲಸ. ನನ್ನದು ಮಂಗಳವಾರ ಮತ್ತು ಶುಕ್ರವಾರ. ಮನಸ್ಸಿದೆಯಾ ಅಂತ ಆ ದಿನ ನಾನು ಕೇಳಿಕೊಳ್ಳುವುದಿಲ್ಲ. ಬ್ಯಾಗ್ ಹಿಂದಿನ ರಾತ್ರಿಯೇ ಚಪ್ಪಲಿ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ. ಹೋಗಿ ಬರೀ ಬಾರ್‌ನಲ್ಲಿ ಒಂದು ಸೆಟ್ ಮಾಡುತ್ತೇನೆ. ಆಮೇಲೂ ಬೇಡ ಅನ್ನಿಸಿದರೆ ಮನೆಗೆ ಬರಬಹುದು ಅಂತ ನನಗೆ ನಾನೇ ಅನುಮತಿ ಕೊಟ್ಟಿದ್ದೇನೆ. ಎಂಟು ವರ್ಷದಲ್ಲಿ ಹಾಗೆ ವಾಪಸ್ ಬಂದದ್ದು ನಾಲ್ಕೋ ಐದೋ ಸಲ. ಅದರಲ್ಲಿ ಎರಡು ಸಲ ಮಾರನೇ ದಿನ ಜ್ವರ ಬಂದಿತ್ತು.

ಆ ಬರೀ ಬಾರ್ ಸೆಟ್ಟೇ ವಾರ್ಮ್‌ಅಪ್ ಕೂಡ. ಇವತ್ತು 60 ಕಿಲೋ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು) ಅಂದರೆ, ಮೊದಲು 20ರಲ್ಲಿ ಹತ್ತು ಸಲ, ಮತ್ತೆ 35ರಲ್ಲಿ ಐದು, 50ರಲ್ಲಿ ಮೂರು. ಆಮೇಲೆ ಅಸಲು ಕೆಲಸ. ಹತ್ತು ನಿಮಿಷ ಹಿಡಿಯುತ್ತದೆ. ಸಮಯ ಕಡಿಮೆ ಇದ್ದರೆ ಕೊನೆಯ ವ್ಯಾಯಾಮ ಬಿಡಿ, ಈ ಹತ್ತು ನಿಮಿಷ ಬಿಡಬೇಡಿ. ಒಬ್ಬರೇ ಬೆಂಚ್ ಪ್ರೆಸ್ ಮಾಡುವಾಗ, ಅಂದರೆ ಬೆಂಚಿನ ಮೇಲೆ ಮಲಗಿ ಎದೆಯಿಂದ ಬಾರ್ ಮೇಲಕ್ಕೆ ತಳ್ಳುವಾಗ, ಪ್ಲೇಟ್ ಜಾರದ ಹಾಗೆ ಹಿಡಿಯುವ ಕ್ಲಿಪ್ ಹಾಕಬೇಡಿ. ಸಿಕ್ಕಿಬಿದ್ದರೆ ಒಂದು ಬದಿಗೆ ವಾಲಿಸಿ ಪ್ಲೇಟ್ ಜಾರಿಸಬಹುದು. ಹೆಬ್ಬೆರಳು ಬಾರ್ ಸುತ್ತ ಇರಲೇಬೇಕು.

ನಮ್ಮೂರಿನ ಹವೆ ಬೇರೆ ಉಂಟು. ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆಂಗಳೂರಿನಲ್ಲಿ ಎತ್ತಿದ ಭಾರವನ್ನೇ ಇಲ್ಲಿ ಮೇ ತಿಂಗಳ ಸಂಜೆ ಎತ್ತುವಾಗ ಎದೆ ಜಾಸ್ತಿ ಬಡಿಯುತ್ತದೆ, ತಲೆ ತಿರುಗುತ್ತದೆ. ಆ ಎರಡು ತಿಂಗಳು ನಾನು ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ, ಸೆಟ್ ನಡುವೆ ಮೂರು ನಿಮಿಷ ಕೂರುತ್ತೇನೆ. ಹೋಗುವ ಮೊದಲು ಉಪ್ಪು ಹಾಕಿದ ಗಂಜಿ ತಿಳಿ ಒಂದು ಲೋಟ. ಜೂನ್ ಬಂತೆಂದರೆ ಇನ್ನೊಂದು ಕಥೆ. ಶೂ ಒದ್ದೆ, ನೆಲ ಒದ್ದೆ, ಬಾರ್ ಕೈಯಲ್ಲಿ ಜಾರುತ್ತದೆ. ಒಣ ಶೂ ಬ್ಯಾಗಿನಲ್ಲಿ ಬೇರೆ ಇಟ್ಟುಕೊಳ್ಳಿ, ಒಂದು ಹಳೆ ಬೈರಾಸು ಬಾರ್ ಒರೆಸಲು. ರೆಡ್ ಅಲರ್ಟ್ ಇರುವ ದಿನ ಮನೆಯಲ್ಲೇ ಬೈಠಕ್, ದಂಡ ಹೊಡೆಯುತ್ತೇನೆ, ಎರಡು ಬಿಂದಿಗೆ ನೀರು ತುಂಬಿ ಕೈಯಲ್ಲಿ ಹಿಡಿದು ಜಗಲಿ ಉದ್ದಕ್ಕೆ ನಡೆಯುತ್ತೇನೆ. ಆ ದಿನವನ್ನೂ ಪುಸ್ತಕದಲ್ಲಿ ಬರೆಯುತ್ತೇನೆ.

ಮಳೆ ಕಳೆದು ದೈವಗಳ ಕೋಲ, ನೇಮ, ಯಕ್ಷಗಾನ ಆಟದ ಕಾಲ ಶುರುವಾದರೆ ನಿದ್ದೆಗೆಟ್ಟ ರಾತ್ರಿಗಳು. ಬೆಳಗಿನವರೆಗೆ ಆಟ ನೋಡಿ ಬಂದ ದಿನ ನಾನು ಅರ್ಧ ಭಾರ ಮಾತ್ರ ಎತ್ತುತ್ತೇನೆ. ನಿದ್ದೆ ಇಲ್ಲದ ಮೈಗೆ ಅಂದಾಜು ತಪ್ಪುತ್ತದೆ.

ಊಟದ ಬಗ್ಗೆ ಎರಡೇ ಮಾತು. ಪ್ರೋಟೀನ್ ಬೇಕು, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಸಾಕು. ಬಂಗುಡೆ, ಬೂತಾಯಿ, ಮೊಟ್ಟೆ, ಮೊಸರು, ಹೆಸರುಕಾಳು, ಹುರುಳಿ ಇವುಗಳಲ್ಲೇ ಬಹುಪಾಲು ಸಿಗುತ್ತದೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ ಜಾಸ್ತಿ ಮಾಡಬೇಕು.

ಇನ್ನು ನೋವು. ಯಾವ ನೋವಿಗೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಗೊತ್ತಿಲ್ಲದೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಮರುದಿನ ಶುರುವಾಗಿ, ಎರಡೂ ಕಾಲಿಗೆ ಒಂದೇ ಥರ ಇದ್ದು, ಓಡಾಡಿದರೆ ಕಡಿಮೆ ಅನ್ನಿಸಿ, ಮೂರು ದಿನದಲ್ಲಿ ಹೋಗುವ ಮೈಕೈ ನೋವು ಸಹಜ. ಎತ್ತುವಾಗಲೇ ಬರುವುದು, ಒಂದೇ ಬದಿಗೆ ಇರುವುದು, ಬೆರಳಿಟ್ಟು ತೋರಿಸುವಂಥದ್ದು, ಕುಂಟಿಸುವಂಥದ್ದು ಬೇರೆ. ಅದಕ್ಕೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ. ಉಳಿದ ಮೈಗೆ ಕೆಲಸ ಕೊಡಿ. ಭುಜ ನೋವಾದರೆ ಕಾಲಿಗೆ ರಜೆ ಯಾಕೆ? ನೋವು ಹತ್ತರಲ್ಲಿ ಮೂರರ ಒಳಗಿದ್ದು, ಮರುದಿನ ಬೆಳಿಗ್ಗೆ ಹೆಚ್ಚಾಗದಿದ್ದರೆ ಹಗುರ ಭಾರದಲ್ಲಿ ಮುಂದುವರಿಯಬಹುದು ಅಂತ ನನ್ನ ಫಿಸಿಯೋಥೆರಪಿಸ್ಟ್ ಕಲಿಸಿದ್ದು. ಅದನ್ನೇ ನಡೆಸಿಕೊಂಡು ಬಂದಿದ್ದೇನೆ.

ಕೆಲವಕ್ಕೆ ಮಾತ್ರ ಕಾಯಲೇಬಾರದು. ಕಾಲು ಬಲ ಕಳೆದುಕೊಳ್ಳುವುದು, ಕೂರುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು. ಬಹಳ ವ್ಯಾಯಾಮ ಮಾಡಿದ ಮರುದಿನ ಮೂತ್ರ ಚಹಾ ಕಷಾಯದ ಬಣ್ಣಕ್ಕೆ ತಿರುಗುವುದು. ಎದೆನೋವು. ಇವುಗಳಲ್ಲಿ ಯಾವುದೇ ಆದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಬಿಪಿ ಇರುವವರು ಉಸಿರು ಕಟ್ಟಿ ಎತ್ತಬಾರದು, ಎತ್ತುವಾಗ ಉಸಿರು ಬಿಡಿ.

ಇಷ್ಟೆಲ್ಲ ಓದಿ ಹೆದರಬೇಡಿ. ಸ್ಪರ್ಧೆಗೆ ಇಳಿಯುವ ಪವರ್‌ಲಿಫ್ಟರ್‌ಗಳಲ್ಲೂ ಸಾವಿರ ಗಂಟೆ ಅಭ್ಯಾಸಕ್ಕೆ ಪೆಟ್ಟು 1ರಿಂದ 4ರ ಆಸುಪಾಸು ಅಂತ ಅಧ್ಯಯನಗಳು ಹೇಳುತ್ತವೆ. ಫುಟ್‌ಬಾಲ್ ಮ್ಯಾಚ್‌ಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ವಾರಕ್ಕೆ ಎರಡು ಗಂಟೆ ಮಾಡುವ ನನಗೆ ಸಾವಿರ ಗಂಟೆ ಆಗಲು ಒಂಬತ್ತೂವರೆ ವರ್ಷ ಬೇಕು.

ನಡುವೆ ಬಿಟ್ಟುಹೋದರೂ ಚಿಂತೆಯಿಲ್ಲ. ಮಗಳ ಮದುವೆ ಇದ್ದಾಗ ನಾನು ಎರಡು ತಿಂಗಳು ಹೋಗಲೇ ಇಲ್ಲ. ಮರಳಿ ಹೋದಾಗ ಹಳೆಯ ಭಾರದ ಅರ್ಧದಿಂದ ಶುರು ಮಾಡಿದೆ. ಒಮ್ಮೆ ಗಳಿಸಿದ ಶಕ್ತಿ ಎರಡನೇ ಸಲ ಬೇಗ ಬರುತ್ತದೆ. ಐದನೇ ವಾರಕ್ಕೆ ಮೊದಲಿದ್ದಲ್ಲಿಗೆ ಮುಟ್ಟಿದ್ದೆ.

ಪುಸ್ತಕ ಅಂದೆನಲ್ಲ, ಅದು 100 ಪುಟದ ಗೆರೆ ನೋಟ್‌ಬುಕ್. ತಾರೀಕು, ಭಾರ, ಎಷ್ಟು ಸಲ, ಎಷ್ಟು ಉಳಿಸಿದೆ, ಅಷ್ಟೇ ಬರೆಯುವುದು. ಈಗಿನದು ಆರನೆಯದು. ಮನಸ್ಸು ಕುಗ್ಗಿದ ದಿನ ಮೊದಲನೆಯದನ್ನು ತೆಗೆದು ಓದುತ್ತೇನೆ. ಪೆಟ್ಟಾದ ಮೇಲಿನ ಮೊದಲ ಪುಟದಲ್ಲಿ "20 ಕಿಲೋ, 5 ಸಲ, ಹೆದರಿಕೆ" ಅಂತ ಇದೆ. ಮೊನ್ನೆ ಶುಕ್ರವಾರ ಬರೆದದ್ದು: "82.5 ಕಿಲೋ, 5 ಸಲ, 2 ಉಳಿದಿದೆ. ಹೊರಗೆ ಮಳೆ."