ಕಾಣೆ ಮೀನಿನ ಜೊತೆಗೊಂದು ಬಿಳಿ ವೈನ್

ಪರ್ತ್‌ನಲ್ಲಿ ಕೆಲಸಕ್ಕಿರುವ ತಂಗಿಯ ಮಗ ರಜೆಗೆ ಬಂದಾಗ ಕೊಟ್ಟ ಬಾಟಲಿಯ ಮೇಲೆ ಎರಡು ದ್ರಾಕ್ಷಿ ತಳಿಗಳ ಹೆಸರಿತ್ತು: ಸೆಮಿಯೋನ್ ಮತ್ತು ಸೋವಿನ್ಯೋನ್ ಬ್ಲಾಂ. ಬೆಳೆದ ಊರು ಪಶ್ಚಿಮ ಆಸ್ಟ್ರೇಲಿಯದ ಮಾರ್ಗರೆಟ್ ರಿವರ್. ಪ್ರತಿ ವರ್ಷ ಕ್ರಿಸ್‌ಮಸ್‌ಗೆಂದು ಭರಣಿಯಲ್ಲಿ ಕಪ್ಪು ದ್ರಾಕ್ಷಿಯ ವೈನ್ ಹಾಕುವ, ಮಂಗಳೂರಿನ ಬಿಜೈಯ ನಮ್ಮ ಪಕ್ಕದ ಮನೆಯ ಬಾಯಮ್ಮ ಲೇಬಲ್ಲನ್ನು ಓದಿಸಿಕೊಂಡು, "ಎರಡು ಜಾತಿ ಸೇರಿಸಿದ್ದು ಎಂತಕ್ಕೆ? ಒಂದೇ ಸರಿ ಇರಲಿಲ್ಲವೋ?" ಎಂದು ಸಂಶಯಪಟ್ಟರು. "ನೀವು ಭರಣಿಗೆ ಗೋಧಿ ಹಾಕುವುದು ಎಂತಕ್ಕೆ?" ಎಂದೆ. "ಅದು ಬೇರೆ. ವೈನಿಗೆ ಸ್ವಲ್ಪ ಮೈ ಬೇಕಲ್ಲ ಮಾರಾಯ" ಎಂದರು. ಆ ಮೈಗಾಗಿಯೇ ಇಲ್ಲಿ ಸೆಮಿಯೋನ್ ಇರುವುದು.

ಸೋವಿನ್ಯೋನ್ ಬ್ಲಾಂಗೆ ಪರಿಮಳವೂ ಹುಳಿಯೂ ಧಾರಾಳವಾಗಿದ್ದರೂ ಒಂಟಿಯಾಗಿ ಕುಡಿದರೆ ಕೆಲವೊಮ್ಮೆ ನಾಲಿಗೆಯ ತುದಿಯಲ್ಲಿ ಚುಚ್ಚಿ ಅಲ್ಲಿಯೇ ಮುಗಿದುಹೋಗುತ್ತದೆ. ಸೆಮಿಯೋನ್‌ನ ಪರಿಮಳ ಅಷ್ಟು ಜೋರಿನದಲ್ಲ, ಆದರೆ ಬಾಯಿ ತುಂಬುವ ನುಣುಪೂ ನಿಂಬೆಯ ರುಚಿಯೂ ಅದರದು. ಫ್ರಾನ್ಸಿನ ಬೋರ್ಡೋದಲ್ಲಿ ಇದು ಹಳೆಯ ಜೋಡಿ. ಸಾಮಾನ್ಯವಾಗಿ ಎರಡನ್ನೂ ಬೇರೆ ಬೇರೆಯಾಗಿ ಹುದುಗಿಸಿ, ಆಮೇಲೆ ರುಚಿ ನೋಡುತ್ತಾ ಪ್ರಮಾಣ ನಿರ್ಧರಿಸುತ್ತಾರೆ. ಯಾವುದು ಹೆಚ್ಚಿದೆಯೋ ಅದರ ಹೆಸರು ಲೇಬಲ್ಲಿನಲ್ಲಿ ಮೊದಲು ಬರುತ್ತದೆ.

ಪರ್ತ್‌ನಿಂದ ದಕ್ಷಿಣಕ್ಕೆ ಸುಮಾರು ಮೂರು ಗಂಟೆಯ ದಾರಿಯ ಆ ಊರಿಗೆ ಮೂರು ಕಡೆ ಕಡಲು, ಪಡುವಣಕ್ಕೆ ನಮ್ಮದೇ ಹಿಂದೂ ಮಹಾಸಾಗರ. ಕಡಲ ಗಾಳಿ ಬೇಸಗೆಯ ಬಿಸಿಲನ್ನು ತಗ್ಗಿಸುವುದರಿಂದ ಹಣ್ಣಿನ ಹುಳಿ ಉಳಿಯುತ್ತದೆ. ಹಾಗಾದರೆ ಪಣಂಬೂರಿನಲ್ಲಿ ಏಕೆ ಬೆಳೆಯಬಾರದು ಎಂದು ಕೇಳಿದರೆ, ಉತ್ತರ ಮಳೆಯಲ್ಲಿದೆ. ಅಲ್ಲಿಯ ಮಳೆ ಬಹುಪಾಲು ಚಳಿಗಾಲದ್ದು; ಬಳ್ಳಿ ಎಲೆ ಉದುರಿಸಿ ಮಲಗಿರುವಾಗ ಸುರಿದು, ಹಣ್ಣು ಬಲಿಯುವ ಹೊತ್ತಿಗೆ ಹೆಚ್ಚುಕಡಿಮೆ ನಿಂತಿರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆ, ಬಳ್ಳಿ ಮಲಗುವುದಕ್ಕೆ ಚಳಿಯೇ ಇಲ್ಲ. ದ್ರಾಕ್ಷಿಗಿಂತ ಬೂಸಲೇ ಚೆನ್ನಾಗಿ ಬೆಳೆದೀತು.

ಅಲ್ಲಿಯ ಹವೆ ಬೋರ್ಡೋದ ಹವೆಗೆ ಹತ್ತಿರವಾದದ್ದೆಂದು ಕೃಷಿ ವಿಜ್ಞಾನಿ ಜಾನ್ ಗ್ಲ್ಯಾಡ್‌ಸ್ಟೋನ್ಸ್ 1960ರ ದಶಕದಲ್ಲಿ ಬರೆದದ್ದನ್ನು ನಂಬಿ, ಹೃದ್ರೋಗ ವೈದ್ಯ ಟಾಮ್ ಕಲಿಟಿ 1967ರಲ್ಲಿ ವಾಸ್ ಫೀಲಿಕ್ಸ್ ಎಂಬ ತೋಟ ಹಾಕಿದರು. ಕಣ್ಣ ಸುತ್ತ ಬಿಳಿ ಉಂಗುರವಿರುವ ಪುಟ್ಟ ಹಕ್ಕಿಗಳು ಹಣ್ಣನ್ನೆಲ್ಲ ತಿನ್ನತೊಡಗಿದಾಗ ಅವುಗಳನ್ನು ಹೆದರಿಸಲು ಒಂದು ಡೇಗೆಯನ್ನು ತಂದು ಬಿಟ್ಟರಂತೆ. ಅದು ಹಾರಿ ಹೋದದ್ದು ಹಿಂದೆ ಬರಲೇ ಇಲ್ಲ. ಈಗ ಅದು ಅವರ ಲೇಬಲ್ಲಿನ ಮೇಲಿದೆ. ಹೊಲಕ್ಕೆ ಬೆರ್ಚಪ್ಪ ನಿಲ್ಲಿಸಿ ಕಾಗೆಗಳಿಂದ ನಗಿಸಿಕೊಂಡವರಿಗೆ ವೈದ್ಯರ ಕಷ್ಟ ಅರ್ಥವಾಗುತ್ತದೆ.

ನಮ್ಮ ಬಾಟಲಿ ಬೇರೆ ತೋಟದ್ದು. ಫ್ರಿಜ್ಜಿನಿಂದ ತೆಗೆದ ಕೂಡಲೇ ಬಗ್ಗಿಸಿದ್ದು ನನ್ನ ತಪ್ಪು, ತಣ್ಣೀರು ಕುಡಿದಂತಾಯಿತು. ಗ್ಲಾಸಿನ ಹೊರಮೈಯಲ್ಲಿ ನೀರು ಬೆವರಿ ಇಳಿದು, ಮೇಜಿನ ಮೇಲೆ ಉಂಗುರ ಮೂಡುವಷ್ಟು ಹೊತ್ತು ಕಾದ ಮೇಲೆ ಗಜನಿಂಬೆಯ ಸಿಪ್ಪೆ, ಉಗುರಿನಿಂದ ಜಜ್ಜಿದ ಗರಿಕೆ, ಹಿಂದೆಯೇ ಪ್ಯಾಶನ್ ಹಣ್ಣಿನ ವಾಸನೆ ಒಂದೊಂದಾಗಿ ಬಂದವು. ಕಾಣೆಯ ರವಾ ಫ್ರೈಗೆ ನಿಂಬೆ ಹಿಂಡುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಆ ಕೆಲಸವನ್ನು ವೈನೇ ಮಾಡುತ್ತಿತ್ತು. ಬಂಗುಡೆ ಪುಳಿಮುಂಚಿಯ ಎದುರು ಮಾತ್ರ ಅದು ಸೋತಿತು. ಮೆಣಸಿನ ಖಾರಕ್ಕೆ ಮದ್ಯದ ಉರಿಯೂ ಸೇರಿ ಪರಿಮಳವೆಲ್ಲ ಮಾಯವಾಯಿತು.

ಬಾಯಮ್ಮ ಎರಡನೆಯ ಸಲ ಗ್ಲಾಸು ಚಾಚುತ್ತಾ, "ಸಕ್ಕರೆ ಮಾತ್ರ ಸಾಲದು" ಎಂದರು.