ಗ್ಯಾಸ್ ದುಡ್ಡು, ಅಡಿಕೆ ದುಡ್ಡು

2023ರ ಮೇ ತಿಂಗಳಲ್ಲಿ ಏರ್‌ಪೋರ್ಟಲ್ಲಿ ಒಬ್ಬ ಪ್ರಧಾನಿ ನಮ್ಮ ಮೋದಿಯವರ ಕಾಲು ಮುಟ್ಟಿ ನಮಸ್ಕಾರ ಮಾಡಿದ ವಿಡಿಯೋ ನೆನಪಿರ್ಬೇಕು, ಎಲ್ಲರ ಮೊಬೈಲಿಗೂ ಬಂದಿತ್ತು, ನಮ್ಮ ಕಾರವಾರದ ಗ್ರೂಪುಗಳಲ್ಲಂತೂ ಎರಡು ದಿನ ಅದೇ. ಆ ಮನುಷ್ಯ ಯಾರು, ಆ ದೇಶ ಯಾವ್ದು ಅಂತ ಕೇಳಿದವರು ಕಮ್ಮಿ. ಅವರು ಜೇಮ್ಸ್ ಮರಾಪೆ, ದೇಶ ಪಪುವಾ ನ್ಯೂಗಿನಿ, ಆಸ್ಟ್ರೇಲಿಯಾದ ಉತ್ತರಕ್ಕೆ ಪೆಸಿಫಿಕ್ಕಲ್ಲಿರೋ ದೊಡ್ಡ ದ್ವೀಪದ ಪೂರ್ವದ ಅರ್ಧ, ಜೊತೆಗೆ ಇನ್ನೊಂದಿಷ್ಟು ಸಣ್ಣ ದ್ವೀಪಗಳು. 1975ರ ಸೆಪ್ಟೆಂಬರ್ 16ರವರೆಗೆ ಆಸ್ಟ್ರೇಲಿಯಾದ ಕೈಯಲ್ಲಿತ್ತು. ಎಂಟುನೂರಕ್ಕೂ ಹೆಚ್ಚು ಭಾಷೆ, ಮಾತಾಡೋ ಜನ ಕೋಟಿ ಆಸುಪಾಸು.

ನನಗೆ ಈ ದೇಶದ ಹುಚ್ಚು ಹಿಡಿಸಿದ್ದು ನಮ್ಮ ಚಿಕ್ಕಪ್ಪನ ಮಗ. ಅವನು ಎಲ್‌ಎನ್‌ಜಿ, ಅಂದ್ರೆ ತಣಿಸಿ ದ್ರವ ಮಾಡಿದ ಗ್ಯಾಸ್, ಸಾಗಿಸೋ ಹಡಗಲ್ಲಿ ಇಂಜಿನ್ ರೂಮಿನವನು, ರಜೆಗೆ ಬಂದಾಗ ಅಲ್ಲಿ ಲೋಡ್ ಮಾಡ್ಕೊಂಡು ಜಪಾನಿಗೆ ಹೋಗಿದ್ದು ಹೇಳ್ತಿದ್ದ. ಎಂತ ನೋಡ್ದೆ ಮಾರಾಯ ಅಂದ್ರೆ ಎಂತದೂ ಇಲ್ಲ, ಉದ್ದ ಜೆಟ್ಟಿ, ಅದರಾಚೆ ಟ್ಯಾಂಕು, ಅದರಾಚೆ ಬೇಲಿ, ಊರು ಕಾಣೋದೇ ಇಲ್ಲ ಅಂದ. ನಾನು ಅವತ್ತಿಂದ ಸಿಕ್ಕಿದ್ದೆಲ್ಲ ಓದ್ತಾ ಬಂದೆ, ಈ ಬರಹ ಅದರದ್ದೇ ಸಾರ, ಸ್ವಲ್ಪ ಉದ್ದ ಆಗ್ತದೆ, ಟೈಮಿದ್ದವರು ಓದಿ.

ಆ ಗ್ಯಾಸು ಜೆಟ್ಟಿ ಹತ್ರದ್ದಲ್ಲ. ಒಳಗೆ ಬೆಟ್ಟದ ಮೇಲಿನ ಹೆಲಾ ಅನ್ನೋ ಪ್ರಾಂತ್ಯದ್ದು. ಅಲ್ಲಿಂದ ಏಳುನೂರು ಕಿಲೋಮೀಟರು ಪೈಪು, ಅರ್ಧಕ್ಕಿಂತ ಜಾಸ್ತಿ ಸಮುದ್ರದ ತಳದಲ್ಲಿ, ರಾಜಧಾನಿ ಪೋರ್ಟ್ ಮೋರ್ಸ್‌ಬಿ ಪಕ್ಕ ಬಂದು ತಣಿಸಿ ದ್ರವ ಮಾಡಿ ಹಡಗಿಗೆ. ಎಕ್ಸಾನ್‌ಮೊಬಿಲ್ ಕಂಪನಿ ಮುಂದಾಳತ್ವದ ಪ್ರಾಜೆಕ್ಟು, ಖರ್ಚು 1900 ಕೋಟಿ ಡಾಲರ್, 2014ರ ಮೇನಲ್ಲಿ ಮೊದಲ ಹಡಗು ಹೊರಟಿತು. ಶುರು ಮಾಡೋ ಮುಂಚೆ ಕಂಪನಿಗಾಗಿ ತಯಾರಾದ ವರದಿ, ದೇಶದ ಜಿಡಿಪಿ ಡಬಲ್ ಆಗ್ತದೆ ಅಂತ ಲೆಕ್ಕ ಹಾಕಿತ್ತು. 2018ರಲ್ಲಿ ಆಸ್ಟ್ರೇಲಿಯಾದ ಜುಬಿಲಿ ಅನ್ನೋ ಸಂಶೋಧನಾ ಸಂಸ್ಥೆ ಕೂತು ಲೆಕ್ಕ ಹಾಕಿದ್ರೆ ಏರಿದ್ದು ನೂರಕ್ಕೆ ಹತ್ತರಷ್ಟು, ಮನೆಗಳ ಆದಾಯ ಈ ಪ್ರಾಜೆಕ್ಟ್ ಇಲ್ಲದಿದ್ರೆ ಇರ್ತಿದ್ದದ್ದಕ್ಕಿಂತ ಇಳಿದೇ ಇತ್ತು ಅಂತ. ಕಂಪನಿ ಅದನ್ನ ಒಪ್ಪಲಿಲ್ಲ, ಒಪ್ಪೋದೂ ಇಲ್ಲ ಬಿಡಿ.

ಅದೇ 2018ರಲ್ಲಿ ಪೋರ್ಟ್ ಮೋರ್ಸ್‌ಬಿಯಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಕೂಟ ಅಪೆಕ್‌ನ ಶೃಂಗಸಭೆ ಆಯ್ತು, ದೊಡ್ಡ ದೊಡ್ಡ ದೇಶದ ನಾಯಕರು ಬರ್ತಾರೆ ಅಂತ ಸರ್ಕಾರ 40 ಮಸೆರಾಟಿ ಅನ್ನೋ ದುಬಾರಿ ಐಷಾರಾಮಿ ಕಾರು ತರಿಸ್ತು. ಮಸೆರಾಟಿ! ರಾಜಧಾನಿಯಿಂದ ಎರಡನೇ ದೊಡ್ಡ ಊರು ಲೇಗೆ ಹೋಗ್ಲಿಕ್ಕೆ ರಸ್ತೆನೇ ಇಲ್ಲದ ದೇಶ, ವಿಮಾನ ಇಲ್ಲಾಂದ್ರೆ ಹಡಗು. ಅದೇ ವರ್ಷ ಜೂನಲ್ಲಿ ಪೋಲಿಯೊ ವಾಪಸ್ ಬಂದಿತ್ತು, 2000ದಲ್ಲಿ ಮುಕ್ತ ಅಂತ ಘೋಷಣೆ ಆಗಿದ್ದ ರೋಗ. ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳ ಎತ್ತರ ಅಪೌಷ್ಟಿಕತೆಯಿಂದ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಗ್ಯಾಸ್ ಮಾರೋ ದೇಶದಲ್ಲಿ ಬಹುಪಾಲು ಮನೆಗೆ ಕರೆಂಟಿಲ್ಲ.

ಇಷ್ಟು ಹೇಳಿದ ಕೂಡ್ಲೇ ಎಲ್ಲರೂ ಕೊಡೋ ಉತ್ತರ ಒಂದೇ, ಕಳ್ಳರು ತಿಂದ್ರು. ತಿಂದಿರ್ಬಹುದು, ಇಲ್ಲ ಅಂತಿಲ್ಲ. ಆದ್ರೆ ನನಗೆ ಅನ್ಸೋದು ಕಳ್ಳರೇ ಇಲ್ದಿದ್ರೂ ಈ ದುಡ್ಡು ಹಳ್ಳಿ ಮುಟ್ಟೋದು ಕಷ್ಟವೇ ಇತ್ತು. ಯಾಕಂದ್ರೆ ಇಂಥ ಪ್ರಾಜೆಕ್ಟಿನ ದುಡ್ಡು ಬರೋ ದಾರಿನೇ ಹಾಗೆ. ಮೊದ್ಲು ಕಂಪನಿ ಹಾಕಿದ ಬಂಡವಾಳ, ಸಾಲದ ಕಂತು ಎಲ್ಲ ವಸೂಲಾಗ್ಬೇಕು, ಟ್ಯಾಕ್ಸಲ್ಲಿ ರಿಯಾಯಿತಿ ಮೊದಲೇ ಬರೆಸಿಕೊಂಡಿರ್ತಾರೆ, ಆಮೇಲೆ ಉಳಿದದ್ದು ರಾಜಧಾನಿಯ ಒಂದು ಖಾತೆಗೆ ಬಂದು ಬೀಳ್ತದೆ, ಮತ್ತೆ ಆ ಒಂದು ಖಾತೆಯ ಸುತ್ತ ಇಡೀ ರಾಜಕೀಯ ಕುಣೀತದೆ. ಬರೋ ದುಡ್ಡನ್ನ ನಂಬಿ ಮೊದಲೇ ಸಾಲ ಮಾಡೋದು ಬೇರೆ. 2014ರಲ್ಲಿ ಆಗಿನ ಪ್ರಧಾನಿ ಪೀಟರ್ ಓನೀಲ್ ಸರ್ಕಾರ ಸ್ವಿಸ್ ಬ್ಯಾಂಕ್ ಯುಬಿಎಸ್‌ನಿಂದ ಸುಮಾರು 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲ ಎತ್ತಿ ಇದೇ ಗ್ಯಾಸ್ ಪ್ರಾಜೆಕ್ಟಿನ ಪಾಲುದಾರ ಆಯಿಲ್ ಸರ್ಚ್ ಅನ್ನೋ ಕಂಪನಿ ಶೇರು ಕೊಂಡಿತು, ಅದೇ ವರ್ಷ ಎಣ್ಣೆ ರೇಟು ಕುಸೀತು, 2017ರಲ್ಲಿ ಲಾಸಿಗೆ ಮಾರ್ಬೇಕಾಯ್ತು, ಮುಂದೆ ಅದಕ್ಕೊಂದು ವಿಚಾರಣಾ ಆಯೋಗವೂ ಕೂತಿತು. ಶೇರು ಪೇಟೆ ಆಡಿದ್ದು ಸರ್ಕಾರ, ನಷ್ಟ ಕಟ್ಟಿದ್ದು ಮಸೆರಾಟಿ ನೋಡಿರದ ಜನ.

ಗ್ಯಾಸ್ ಬಾವಿ ಇರೋ ಹೆಲಾದ ಜನರ ರಾಯಲ್ಟಿ ಕಥೆ ಇನ್ನೂ ವಿಚಿತ್ರ. ಆ ದೇಶದಲ್ಲಿ ನೂರಕ್ಕೆ 97ರಷ್ಟು ನೆಲ ಕುಲದವರದ್ದು, ಪರಂಪರೆಯಿಂದ ಬಂದದ್ದು, ಕಾಗದ ಇಲ್ಲ. ಆದ್ರೆ ಕಾನೂನಿನ ಪ್ರಕಾರ ನೆಲದ ಅಡಿಯಲ್ಲಿರೋದು ಸರ್ಕಾರದ್ದು. ಮೇಲಿನ ಗೆಣಸಿನ ಹೊಲ ನಿಮ್ದು, ಕೆಳಗಿನ ಗ್ಯಾಸ್ ನಮ್ದು, ನಿಮ್ಗೊಂದು ಪಾಲು ಕೊಡ್ತೇವೆ ಅಂತ ಸರ್ಕಾರ. ಸರಿ ಕೊಡಿ ಅಂದ್ರೆ, ಯಾರಿಗೆ? ಯಾವ ಕುಲ, ಯಾವ ಕವಲು, ಯಾರ ಅಜ್ಜ ಯಾವ ಹಳ್ಳದವರೆಗೆ ಬೇಟೆ ಆಡ್ತಿದ್ದ ಅಂತ ತೀರ್ಮಾನ ಆಗೋವರೆಗೆ ಹಣ ಬಿಡುಗಡೆ ಮಾಡೋ ಹಾಗಿಲ್ಲ ಅಂತ ಆಯ್ತು. ಹಡಗುಗಳು ಹೋಗ್ತಾ ಇದ್ವು, ರಾಯಲ್ಟಿ ವರ್ಷಗಟ್ಟಲೆ ಬ್ಯಾಂಕಲ್ಲೇ ಕೂತಿತ್ತು. ಈ ಗುರುತಿಸೋ ಕೆಲಸ ಪೈಪ್ ಹಾಕೋ ಮುಂಚೆನೇ ಮುಗಿಸ್ಬೇಕಿತ್ತು, ಗಡಿಬಿಡಿಯಲ್ಲಿ ಬಿಟ್ರು. ನಮ್ಮಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ರು, ಜಾಗ ಬಿಟ್ಟ ಸಾವಿರಾರು ಕುಟುಂಬದವರು ಪರಿಹಾರಕ್ಕೆ ಕೋರ್ಟು ಕಚೇರಿ ಅಂತ ಎಷ್ಟು ವರ್ಷ ಅಲೆದ್ರು ಅಂತ ಅರಗಾ, ಬಿಣಗಾ ಕಡೆಯವರನ್ನ ಕೇಳಿ. ಪಹಣಿ ಇದ್ದವರ ಪಾಡೇ ಅದು.

ಈಗ ಅಡಿಕೆ ವಿಷ್ಯಕ್ಕೆ ಬರ್ತೇನೆ. ಪಪುವಾ ನ್ಯೂಗಿನಿಯವರು ನಮಗಿಂತ ಜೋರಾಗಿ ಅಡಿಕೆ ತಿಂತಾರೆ. ಅಲ್ಲಿ ಅದಕ್ಕೆ ಬುವಾಯ್ ಅಂತಾರೆ, ಹಸಿ ಕಾಯಿ ಸಿಪ್ಪೆ ಸುಲಿದು ಬಾಯಿಗೆ ಹಾಕಿ, ನಮ್ಮ ಹಾಗೆ ಎಲೆ ಅಲ್ಲ, ವೀಳ್ಯದ ಬಳ್ಳಿಯ ಉದ್ದನೆ ಕಾಯಿಯನ್ನ ಸುಣ್ಣದ ಪುಡಿಗೆ ಅದ್ದಿ ಕಚ್ತಾರೆ. ಶಿರಸಿಯ ನಮ್ಮ ಭಟ್ರಿಗೆ ಇದನ್ನ ಹೇಳಿದ್ದೇ ತಡ, "ಅಲ್ಲಿಂದನೂ ಅಡಿಕೆ ಇಲ್ಲಿಗೆ ಬಪ್ಪಲೆ ಶುರುವಾದ್ರೆ ನಮ್ಮ ಕಥೆ ಎಂತ ಆಗ್ತೇನ ಮಾರಾಯ" ಅಂದ್ರು. ಹೆದರ್ಬೇಡಿ ಭಟ್ರೆ, ಅವರಿಗೇ ಸಾಕಾಗಲ್ಲ. ಕರಾವಳಿಯಲ್ಲಿ ಬೆಳೆದದ್ದು ಮೂಟೆ ಕಟ್ಟಿ ದೋಣಿ, ಲಾರಿ ಹತ್ತಿ ಅಡಿಕೆ ಬೆಳೆಯದ ಬೆಟ್ಟದ ಊರುಗಳಿಗೆ ಹೋಗ್ತದೆ, ಅಲ್ಲಿ ರಸ್ತೆ ಬದಿಯಲ್ಲಿ ಹೆಂಗಸರು ಗೋಣಿ ಹಾಸಿ ಗುಡ್ಡೆ ಹಾಕಿ ಒಂದೊಂದೇ ಮಾರ್ತಾರೆ. ಮಕ್ಕಳ ಶಾಲೆ ಫೀಸು, ಉಪ್ಪು, ಸೋಪು ಎಲ್ಲ ಅದ್ರಿಂದ. ಗ್ಯಾಸಿನ ದುಡ್ಡು ಜೆಟ್ಟಿ ದಾಟಿದ್ಮೇಲೆ ಖಾತೆಯಲ್ಲಿ ಕಾಣೋದು, ಅಡಿಕೆಯ ದುಡ್ಡು ಹತ್ತಾರು ಕೈ ದಾಟಿ ಪ್ರತಿ ಕೈಯಲ್ಲೂ ಒಂಚೂರು ಬಿಟ್ಟು ಹೋಗೋದು. ತಮಾಷೆ ಅಂದ್ರೆ 2013ರಲ್ಲಿ ರಾಜಧಾನಿಯಲ್ಲಿ ಈ ಬುವಾಯ್ ಮಾರಾಟಕ್ಕೇ ನಿಷೇಧ ಹಾಕಿದ್ರು, ಎಲ್ಲಾ ಕಡೆ ಕೆಂಪು ಉಗುಳು, ಬಾಯಿ ಕ್ಯಾನ್ಸರ್ ಅಂತ. ಕ್ಯಾನ್ಸರ್ ಸುಳ್ಳಲ್ಲ, ಅಡಿಕೆ ಊರಿನವನಾಗಿ ನಾನದನ್ನ ಒಪ್ಪಲೇಬೇಕು. ಆದ್ರೆ ಪೊಲೀಸರು ಬೆನ್ನಟ್ಟಿದ್ದು ಗೋಣಿ ಹಾಸಿದ ಹೆಂಗಸರನ್ನ.

ಶಿರಸಿ ಸೀಮೆಯಲ್ಲಿ ಅಡಿಕೆ ದುಡ್ಡು ಊರಲ್ಲೇ ನಿಂತಿದ್ದಕ್ಕೆ ಮಣ್ಣು ಮಳೆ ಅಷ್ಟೇ ಕಾರಣ ಅಲ್ಲ, 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿ ಥರದ ಸಹಕಾರಿ ಸಂಘಗಳೂ ಕಾರಣ, ದಲ್ಲಾಳಿ ಹೇಳಿದ್ದೇ ರೇಟು ಅನ್ನೋದನ್ನ ಮುರಿದದ್ದು ಅವು. ಇದನ್ನ ಹೇಳಿ ಸಹಕಾರವೇ ಎಲ್ಲದಕ್ಕೂ ಮದ್ದು ಅಂತ ಭಾಷಣ ಬಿಗಿಯೋಕೆ ನಾನು ತಯಾರಿಲ್ಲ. ಅಡಿಕೆ ಮಾರಿ ಆಸ್ಪತ್ರೆ ಕಟ್ಟೋಕಾಗಲ್ಲ, ಅದಕ್ಕೆ ಸರ್ಕಾರದ ದುಡ್ಡೇ ಬೇಕು. ನಮ್ಮದೇ ಉತ್ತರ ಕನ್ನಡ ಜಿಲ್ಲೆ ನೋಡಿ, ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಡ್ಯಾಮು, ಪಕ್ಕದಲ್ಲಿ ಕೈಗಾ ಅಣುಸ್ಥಾವರ, ಇಲ್ಲಿಂದ ಕರೆಂಟು ಎಲ್ಲೆಲ್ಲಿಗೋ ಹೋಗ್ತದೆ, ಎದೆನೋವು ಬಂದ್ರೆ ಮಾತ್ರ ಮಣಿಪಾಲವೋ ಗೋವಾವೋ ಹುಬ್ಬಳ್ಳಿಯೋ ಅಂತ ಆಂಬುಲೆನ್ಸಲ್ಲಿ ಕೂತು ಚರ್ಚೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಅಷ್ಟು ದೊಡ್ಡ ಅಭಿಯಾನ ಆಯ್ತಲ್ಲ. ಹಾಗಂತ ನಾವೂ ಅವರೂ ಒಂದೇ ಅನ್ನೋದು ತಪ್ಪು, ನಮಗೆ ಹೋಗ್ಲಿಕ್ಕೆ ಮಣಿಪಾಲ ಇದೆ, ರಸ್ತೆ ಇದೆ. ಹೆಲಾದ ಬೆಟ್ಟದಲ್ಲಿ ಹೆರಿಗೆ ನೋವು ಬಂದವಳನ್ನ ಹೊತ್ಕೊಂಡೇ ನಡೀಬೇಕಾದ ಹಳ್ಳಿಗಳಿವೆ.

ಪೋರ್ಟ್ ಮೋರ್ಸ್‌ಬಿಯಲ್ಲೇ ಎಲ್ಲ ಸರಿ ಇದೆ ಅಂತಲೂ ಅಲ್ಲ. ಗ್ಯಾಸ್ ಕಾಲದಲ್ಲಿ ಬಾಡಿಗೆ ಆಕಾಶಕ್ಕೆ ಹೋಯ್ತು, ಸಂಬಳದ ಟೀಚರು, ಪೊಲೀಸರು ಕೂಡ ಶೆಡ್ಡುಗಳ ಬಸ್ತಿಯಲ್ಲಿ ಇರ್ತಾರೆ. 2024ರ ಜನವರಿ 10ರಂದು ಪೊಲೀಸರ ಸಂಬಳದಲ್ಲಿ ದುಡ್ಡು ಕಟ್ ಆಯ್ತು ಅಂತ ಅವರು ಕೆಲಸ ಬಿಟ್ರು, ಸರ್ಕಾರ ಕಂಪ್ಯೂಟರ್ ತಪ್ಪು ಅಂತು, ಕೆಲವೇ ಗಂಟೆಯಲ್ಲಿ ಊರಲ್ಲಿ ಲೂಟಿ, ಬೆಂಕಿ, ಸಾವು. ಅಷ್ಟು ತೆಳ್ಳಗಿತ್ತು ಊರಿನ ಶಾಂತಿ ಅನ್ನೋ ಗಾಜು.

ಇದೆಲ್ಲದರ ಮುಂಚಿನ ಅಧ್ಯಾಯ ಅದೇ ದೇಶದ ಬೋಗನ್‌ವಿಲ್ಲೆ ದ್ವೀಪ. ಅಲ್ಲಿನ ಪಂಗುನಾ ತಾಮ್ರದ ಗಣಿ 1972ರಿಂದ 1989ರವರೆಗೆ ನಡೀತು, ದೇಶದ ರಫ್ತಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಅದೊಂದರದ್ದೇ. ಅಲ್ಲಿ ನೆಲ ತಾಯಿಯ ಕಡೆಯಿಂದ ಬರೋದು, 1969ರಲ್ಲಿ ಗಣಿಯ ಬಂದರಿಗೆ ಜಾಗ ತಗೊಳ್ಳೋಕೆ ಬಂದಾಗ ಸರ್ವೆ ಗೂಟ ಕಿತ್ತು ಪೊಲೀಸರಿಗೆ ಎದುರು ನಿಂತವರು ರೊರೊವಾನಾ ಅನ್ನೋ ಊರಿನ ಹೆಂಗಸರು. ಗಣಿಯ ಮಣ್ಣೆಲ್ಲ ಹೊಳೆಗೆ ಬಿಟ್ರು, ಊರಿಗೆ ಬಂದದ್ದು ಚಿಲ್ಲರೆ. ಕೊನೆಗೆ ಆ ಗಣಿಯಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಓನಾ ಅನ್ನೋನು ಜನ ಕಟ್ಕೊಂಡು ಕರೆಂಟ್ ಟವರ್ ಉರುಳಿಸಿದ, ಗಣಿ ಮುಚ್ಚಿತು, ಹತ್ತು ವರ್ಷದ ಯುದ್ಧ, ಸತ್ತವರು 20,000ದವರೆಗೆ ಅಂತ ಅಂದಾಜು. 2019ರ ಜನಮತದಲ್ಲಿ ನೂರಕ್ಕೆ 98ರಷ್ಟು ಜನ ಸ್ವತಂತ್ರ ದೇಶ ಬೇಕು ಅಂದ್ರು. 2027ರ ಸೆಪ್ಟೆಂಬರ್ 1 ಅಂತ ಅಲ್ಲಿನ ನಾಯಕರು ದಿನಾಂಕವನ್ನೂ ಹೇಳಿಯಾಗಿದೆ.

ದೇಶ ನಡೆಸೋಕೆ ದುಡ್ಡು? ಅದೇ ಪಂಗುನಾ. ನೆಲದಡಿ ಇನ್ನೂ 53 ಲಕ್ಷ ಟನ್ ತಾಮ್ರ ಇದೆಯಂತೆ, ಚಿನ್ನ ಬೇರೆ. ಆದ್ರೆ ಈ ಸಲ ಒಂದು ವ್ಯತ್ಯಾಸ ಇದೆ, 2015ರಲ್ಲಿ ಬೋಗನ್‌ವಿಲ್ಲೆ ಸರ್ಕಾರ ಮಾಡ್ಕೊಂಡ ಗಣಿ ಕಾನೂನಲ್ಲಿ ಕುಲದ ನೆಲದ ಕೆಳಗಿನ ಖನಿಜವೂ ನೆಲದವರದ್ದೇ, ಬೇಡ ಅನ್ನೋ ಹಕ್ಕೂ ಅವರದ್ದೇ. ನಮ್ಮ ಅಂಕೋಲೆಯ ಕೇಣಿಯಲ್ಲಿ, ಹೊನ್ನಾವರದ ಟೊಂಕಾದಲ್ಲಿ ಬಂದರು ಬೇಡ ಅಂತ ಕೂತ ಮೀನುಗಾರ ಹೆಂಗಸರಿಗೆ ಇಂಥದ್ದೊಂದು ಕಾನೂನು ಇದೆ ಅಂದ್ರೆ ನಂಬಲಿಕ್ಕಿಲ್ಲ. ಕಾನೂನು ಬಂದ್ಮೇಲೆ ಎಲ್ಲ ಸಲೀಸಾಯ್ತು ಅಂತಲ್ಲ, 2018ರ ಜನವರಿಯಲ್ಲಿ ಪಂಗುನಾ ನೆಲದವರಲ್ಲೇ ತೆರೀಬೇಕು ಅನ್ನೋರು, ಬೇಡ ಅನ್ನೋರು ಅಂತ ಎರಡಾಗಿ, ಮತ್ತೆ ಗಲಾಟೆ ಆದೀತು ಅಂತ ಸರ್ಕಾರ ಗಣಿ ವಿಚಾರವನ್ನೇ ತಡೆಹಿಡೀತು. ಅಣ್ಣತಮ್ಮಂದಿರ ತೋಟದ ಹಿಸೆ ಕೇಸು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಆದ್ರೂ ಹೆಲಾದಲ್ಲಿ ಆದ ಹಾಗೆ ಹಡಗು ಹೋದ್ಮೇಲೆ ಮಾಲೀಕ ಯಾರು ಅಂತ ಹುಡುಕೋದಕ್ಕಿಂತ, ಅಗೆಯೋ ಮುಂಚೆ ಕೂತು ಹತ್ತು ವರ್ಷ ಜಗಳ ಆಡೋದೇ ವಾಸಿ ಅಂತ ನನ್ನ ಲೆಕ್ಕ. ಚಿಕ್ಕಪ್ಪನ ಮಗ ಒಪ್ಪಲ್ಲ, ಅವನಿಗೆ ಹಡಗು ನಡೀಬೇಕು.